ಆಂಪ್ ದನಿಯ ಪ್ರೊಫೈಲ್: ತಯಾರಕರಿಗೆ ಕಸಿವಿಸಿ ಏಕೆ?

ಪ್ರಶ್ನೆ: ಕೆಂಪರ್, ಟೋನ್‌ಎಕ್ಸ್, ನ್ಯಾಮ್‌ನಂಥ ಸಾಧನ, ತಂತ್ರಾಂಶಗಳಲ್ಲಿ ಯಾವ ಗಿಟಾರ್ ಆಂಪ್‌ನ (ಆಂಪ್ಲಿಫೈಯರ್) ದನಿಯನ್ನಾದರೂ ಪ್ರೊಫೈಲ್ ಮಾಡಿ, ಅಂದರೆ ಡಿಜಿಟಲ್ ಅಚ್ಚು ತೆಗೆದು, ಇಟ್ಟುಕೊಳ್ಳಬಹುದಂತೆ. ಇದು ತಯಾರಕರಿಂದ ಕದ್ದಂತೆ ಆಗುವುದಿಲ್ಲವೇ?

ಉತ್ತರ: ಕಾನೂನಿನ ಕಣ್ಣಿಗೆ ಸಾಮಾನ್ಯವಾಗಿ ಇಲ್ಲ. ಪೇಟೆಂಟ್ ಕಾಯುವುದು ಹೊಸ ಸರ್ಕ್ಯೂಟನ್ನು, ಅದೂ 20 ವರ್ಷ. ಟ್ರೇಡ್‌ಮಾರ್ಕ್ ಕಾಯುವುದು ಹೆಸರನ್ನು. ದನಿ ಯಾರ ಸ್ವತ್ತೂ ಅಲ್ಲ. ಅದಕ್ಕೇ ಪ್ರೊಫೈಲ್ ಮಾರುವವರು ಆಂಪ್‌ನ ಹೆಸರನ್ನು ಅಷ್ಟಿಷ್ಟು ತಿರುಚಿ ಬರೆಯುತ್ತಾರೆ.

2011ರ ಹೊತ್ತಿಗೆ ಜರ್ಮನಿಯ ಕ್ರಿಸ್ಟೋಫ್ ಕೆಂಪರ್ ತಂದ ಪ್ರೊಫೈಲರ್, ಆಂಪ್‌ನ ಒಳಗೆ ಇಣುಕುವುದೇ ಇಲ್ಲ. ಒಂದು ಕಡೆಯಿಂದ ಪರೀಕ್ಷಾ ಸದ್ದು ಕಳಿಸಿ, ಸ್ಪೀಕರ್ ಮುಂದಿನ ಮೈಕ್‌ನಲ್ಲಿ ಬಂದದ್ದನ್ನು ಅಳೆದು, ನಡುವೆ ಏನಾಯಿತೆಂದು ಲೆಕ್ಕ ಹಾಕುತ್ತದೆ.

ನಕಲು ಈ ಕಸುಬಿಗೆ ಹೊಸದೇನಲ್ಲ. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಮಾರ್ಷಲ್ ತನ್ನ ಜೆಟಿಎಂ45 ಆಂಪನ್ನು ಫೆಂಡರ್ ಬಾಸ್‌ಮನ್ ಸರ್ಕ್ಯೂಟ್ ಮುಂದಿಟ್ಟುಕೊಂಡೇ ಕಟ್ಟಿತು. ಆದರೆ ಆಗ ನಕಲು ಮಾಡುವವರೂ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕಿತ್ತು, ಬೆಸುಗೆ ಹಾಕಬೇಕಿತ್ತು. ವಾಲ್ವ್ (ನಿರ್ವಾತ ನಳಿಕೆ), ಸ್ಪೀಕರ್ ಬೇರೆಯಾದ್ದರಿಂದ ದನಿಯೂ ಬೇರೆಯಾಗಿ ಹೊಸದೊಂದು ಆಂಪ್ ಹುಟ್ಟಿತು. ಈಗ ಒಂದೇ ಆಂಪ್ ಕೊಂಡವರು ಅದರ ಪ್ರೊಫೈಲನ್ನು ಸಾವಿರ ಜನಕ್ಕೆ ಮಾರಬಹುದು. ತಯಾರಕರಿಗೆ ದಕ್ಕುವುದು ಆ ಒಂದರ ಬೆಲೆ. ವರ್ಷಗಟ್ಟಲೆ ಕಿವಿಗೊಟ್ಟು ಒಂದೊಂದು ಕೆಪಾಸಿಟರ್ ಬದಲಿಸಿ ದನಿ ಹದಗೊಳಿಸಿದ ಸಣ್ಣ ತಯಾರಕರಿಗೆ ಇದು ನೋವಾಗುವುದು ಸಹಜ, ನ್ಯಾಯವೂ ಹೌದು.

ಹಾಗಂತ ಆಂಪ್ ಪೂರ್ತಿ ನಕಲಾಗುವುದಿಲ್ಲ. ಪ್ರೊಫೈಲ್ ಎಂದರೆ ಸಾಮಾನ್ಯವಾಗಿ ನಾಬ್‌ಗಳ ಒಂದು ಸ್ಥಿತಿ ಮಾತ್ರ. ಗೇನ್ (ದನಿ ಎಷ್ಟು ಒಡೆಯಬೇಕೆಂದು ತಿರುಗಿಸುವ ನಾಬ್) 5ರಲ್ಲಿ ತೆಗೆದದ್ದನ್ನು ಆಮೇಲೆ 8ಕ್ಕೆ ಏರಿಸಿದರೆ, ಬಹುಪಾಲು ಕೇಳುವುದು ಪ್ರೊಫೈಲರ್‌ನ ಊಹೆ.

ನಿಮ್ಮದೇ ಆಂಪನ್ನು ರೆಕಾರ್ಡಿಂಗ್ ಕೇಳಿ ಆಂಪ್‌ನ ದನಿ ಕಲಿಯುವ ಉಚಿತ ತಂತ್ರಾಂಶವಾದ ನ್ಯಾಮ್‌ನಲ್ಲಿ ಪ್ರೊಫೈಲ್ ಮಾಡುವುದಾದರೆ ಮೊದಲು ರಿವರ್ಬ್ (ಅನುರಣನ), ಡಿಲೇ (ಪ್ರತಿಧ್ವನಿ), ನಾಯ್ಸ್ ಗೇಟ್ (ಗದ್ದಲ ತಡೆಯುವುದು) ಆಫ್ ಮಾಡಿ. ಇವುಗಳನ್ನು ಅದು ಸರಿಯಾಗಿ ಕಲಿಯಲಾರದು. ಸ್ಪೀಕರ್ ಬಿಚ್ಚಿದರೆ ಅದೇ ಓಮ್‌ನ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪ್‌ನ ಶಕ್ತಿ ಹೀರುವ ಪೆಟ್ಟಿಗೆ) ಕಡ್ಡಾಯ. ಲೋಡ್ ಇಲ್ಲದೆ ಜೋರಾಗಿ ನಡೆಸಿದರೆ ವಾಲ್ವ್ ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಕಂಪ್ಯೂಟರ್‌ಗೆ ಸೇರಿಸಿದ ಆಡಿಯೊ ಇಂಟರ್‌ಫೇಸ್‌ನ ಲೈನ್ ಔಟನ್ನು ನೇರ ಆಂಪ್‌ಗೆ ಚುಚ್ಚಬೇಡಿ. ಆ ಸಿಗ್ನಲ್‌ನ ಮಟ್ಟ ಗಿಟಾರ್‌ನದಕ್ಕಿಂತ ಹೆಚ್ಚು, ಆಂಪ್‌ನ ದನಿ ಅಗತ್ಯಕ್ಕಿಂತ ಮೊದಲೇ ಒಡೆಯುತ್ತದೆ. ನಡುವೆ ಆ ಮಟ್ಟವನ್ನು ಗಿಟಾರ್‌ನ ಮಟ್ಟಕ್ಕೆ ಇಳಿಸುವ ರೀಆಂಪ್ ಬಾಕ್ಸ್ ಇರಲಿ. ನ್ಯಾಮ್ ಕೊಡುವ ಸುಮಾರು 3 ನಿಮಿಷದ ಪರೀಕ್ಷಾ ಕಡತವನ್ನು 48 ಕಿಲೋಹರ್ಟ್ಸ್‌ನಲ್ಲೇ ನುಡಿಸಿ, ರೆಕಾರ್ಡಿಂಗನ್ನು ಅಷ್ಟೇ ಉದ್ದಕ್ಕೆ ಉಳಿಸಿ. ಆರಂಭ ಕತ್ತರಿಸಿದರೆ ಎರಡೂ ಕಡತಗಳು ಹೊಂದದೆ ಕಲಿಕೆ ಕೆಡುತ್ತದೆ. ಕೊನೆಯಲ್ಲಿ ತೋರಿಸುವ ಇಎಸ್‌ಆರ್ (ಅಸಲಿಗೂ ನಕಲಿಗೂ ಇರುವ ವ್ಯತ್ಯಾಸದ ಅಳತೆ) ಅಂಕಿ 0.01ಕ್ಕಿಂತ ಕಡಿಮೆಯಿದ್ದರೆ ಚೆನ್ನಾಗಿ ಬಂದಿದೆ, 0.1 ದಾಟಿದರೆ ಮಟ್ಟ, ಕೇಬಲ್ ನೋಡಿ ಮತ್ತೆ ಮಾಡಿ.

ಕೊಳ್ಳುವುದಾದರೆ ತಯಾರಕರೇ ಒಪ್ಪಿ ಹೊರತಂದವನ್ನು ಮೊದಲು ಹುಡುಕಿ. ಫೆಂಡರ್ 2019ರಲ್ಲಿ ತನ್ನ ಡಿಲಕ್ಸ್ ರಿವರ್ಬ್ ಆಂಪನ್ನು ತಾನೇ ಡಿಜಿಟಲ್ ರೂಪದಲ್ಲಿ ತಂದಿತು. ಸೋಲ್ಡಾನೋದ ಎಸ್‌ಎಲ್‌ಒ-100 ಆಂಪ್ ಅಧಿಕೃತ ಪ್ಲಗಿನ್ (ಕಂಪ್ಯೂಟರ್ ತಂತ್ರಾಂಶ) ಆಗಿಯೂ ಸಿಗುತ್ತದೆ.