ಹುಲ್ಲಿನ ರೋಲ್ ತೂಗಿ ನೋಡಿದ್ದೀರಾ?

ರಾಗಿ ಕೊಯ್ಲು ಹತ್ತಿರ ಬಂತು ಅಂದರೆ ನಮ್ಮ ತುಮಕೂರು ಕಡೆ ಹಸು ಸಾಕಿದವರದು ಒಂದೇ ಪ್ರಶ್ನೆ. "ಡಾಕ್ಟ್ರೇ, ಆಳಿಟ್ಟು ಕೊಯ್ಸಿ ಬಣವೆ ಒಟ್ಟೋದಾ, ಇಲ್ಲ ಮೆಷಿನ್ನಲ್ಲಿ ಕೊಯ್ಸಿ ಹುಲ್ಲು ಕೊಂಡ್ಕೊಳ್ಳೋದಾ?" ಕೇಳುವುದು ಸರಿಯಾಗಿಯೇ ಇದೆ. ಆಳಿಟ್ಟರೆ ಖರ್ಚು ಜಾಸ್ತಿ, ಮೆಷಿನ್ನಲ್ಲಿ ಕೊಯ್ಸಿದರೆ ಹುಲ್ಲು ಕಡಿಮೆ ಸಿಗುತ್ತದೆ. ಲೆಕ್ಕ ಹಾಕುವ ರೀತಿ ನೋಡಿದರೆ ಮಾತ್ರ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಮೆಷಿನ್ನಲ್ಲಿ ಸುತ್ತಿ ಕಟ್ಟಿದ ಹುಲ್ಲಿನ ಉರುಳೆಯೇ ರೋಲ್. ಕೊಳ್ಳುವವರು "ರೋಲ್‌ಗೆ ಎಷ್ಟು?" ಅಂತಾರೆ. ಕೊಯ್ಸುವವರು "ಮನೆ ಹುಲ್ಲು ತಾನೇ, ಪುಕ್ಕಟೆ" ಅಂತಾರೆ. ಎರಡೂ ತಪ್ಪು.

ಕೆಜಿ ಲೆಕ್ಕಕ್ಕೆ ಬನ್ನಿ. ಒಂದು ರೋಲ್ 150 ರೂಪಾಯಿ, ಇನ್ನೊಂದು 120. ಎರಡನೆಯದು ಅಗ್ಗ ಅಲ್ವಾ? ತೂಗಿ. ಮೊದಲನೆಯದು 20 ಕೆಜಿ ಬಂದರೆ ಕೆಜಿಗೆ ಏಳೂವರೆ ರೂಪಾಯಿ. ಎರಡನೆಯದು 14 ಕೆಜಿ ಬಂದರೆ ಎಂಟೂವರೆ ದಾಟಿತು! ಅದೂ ಚೆನ್ನಾಗಿ ಒಣಗಿದ್ದರೆ. ಒಣಗಿದ ಹುಲ್ಲಿನಲ್ಲಿ ನೂರಕ್ಕೆ 10ರಷ್ಟು ನೀರಿರುತ್ತದೆ. 25 ಇದ್ದರೆ 20 ಕೆಜಿ ರೋಲ್‌ನಲ್ಲಿ 5 ಕೆಜಿ ನೀರನ್ನೇ ಕೊಂಡ ಹಾಗಾಯಿತು. ರಸ್ತೆ ಮೇಲೆ ಹಾಸಿ ಬಸ್ಸು, ಲಾರಿ ಹತ್ತಿಸಿದ ಹುಲ್ಲಾದರೆ ಮಣ್ಣು, ಮರಳಿನ ತೂಕವೂ ಅದರಲ್ಲೇ ಬರುತ್ತದೆ.

ಮನೆ ಹುಲ್ಲಿಗೂ ಇದೇ ಲೆಕ್ಕ. ಮೆಷಿನ್‌ಗಿಂತ ಆಳಿನ ಖರ್ಚು 6,000 ಜಾಸ್ತಿ ಬಿತ್ತು, ಒಂದು ಟನ್ ಹುಲ್ಲು ಜಾಸ್ತಿ ಸಿಕ್ಕಿತು ಅಂದುಕೊಳ್ಳಿ. ನಿಮ್ಮ ಹುಲ್ಲು ಕೆಜಿಗೆ 6 ರೂಪಾಯಿ ಬಿತ್ತು. ಗಾಡಿ ಬಾಡಿಗೆ, ಇಳಿಸುವ ಕೂಲಿ ಎಲ್ಲ ಸೇರಿಸಿ ರೋಲ್ ಕೆಜಿಗೆ ಎಷ್ಟಾಗುತ್ತದೆ ನೋಡಿ. ಯಾವುದು ಕಡಿಮೆಯೋ ಅದು. ನನ್ನ ಅಂಕಿ ಬರೀ ಉದಾಹರಣೆ. ನಿಮ್ಮೂರ ಕೂಲಿ ನಿಮಗೇ ಗೊತ್ತು.

ಒಬ್ಬ ಯಜಮಾನರು "20 ಕೆಜಿ ರೋಲ್ ಡಾಕ್ಟ್ರೇ, ನೋಡಿದ್ರೇ ಗೊತ್ತಾಗುತ್ತೆ" ಅಂತ ಮೀಸೆ ತಿರುವುತ್ತಿದ್ದರು. ಅವರ ಮನೆಯವರು ಮಾತಾಡದೆ ಒಳಗಿಂದ ರಾಗಿ ತೂಗುವ ತಕ್ಕಡಿ ತಂದು ರೋಲ್ ನೇತುಹಾಕಿದರು. 15 ಕೆಜಿಯೂ ಇರಲಿಲ್ಲ. "ಡೈರೀಲಿ ಫ್ಯಾಟು, ಡಿಗ್ರಿ ಎಲ್ಲ ನೋಡಿ ಹಾಲಿಗೆ ದುಡ್ಡು ಕೊಡ್ತಾರೆ. ನಮ್ಮೋರು ಹುಲ್ಲಿಗೆ ಕಣ್ಣಳತೆ ಸಾಕು ಅಂತಾರೆ" ಅಂದರು ಆಯಮ್ಮ. ನನಗೆ ಹೇಳಲು ಏನೂ ಉಳಿಯಲಿಲ್ಲ.

ಬೆಲೆ ಒಂದೇ ಆದರೆ ಭತ್ತದ ಹುಲ್ಲಿಗಿಂತ ರಾಗಿ ಹುಲ್ಲೇ ವಾಸಿ. ಹಸು ಇಷ್ಟಪಟ್ಟು ತಿನ್ನುತ್ತದೆ, ಜೀರ್ಣವೂ ಚೆನ್ನಾಗಿ ಆಗುತ್ತದೆ. ಹಾಗಂತ ಹಾಲು ಕರೆಯುವ ಹಸುವಿಗೆ ಬರೀ ಒಣಹುಲ್ಲು ಸಾಲದು.

ಕೊಳ್ಳುವ ಮುಂಚೆ ಒಂದು ರೋಲ್ ಬಿಚ್ಚಿಸಿ ನಡುವಿನ ಹುಲ್ಲು ಎಳೆದು ನೋಡಿ. ಕೈಗೆ ಬಿಸಿ ತಾಗಿದರೆ, ಮುಗ್ಗಲು ವಾಸನೆ ಬಂದರೆ, ಬಿಳಿ ಪುಡಿ ಹಾರಿದರೆ ಗಾಡಿ ವಾಪಸ್ ಕಳಿಸಿ. "ಬಿಸಿಲಿಗೆ ಹಾಕಿದ್ರೆ ಸರಿಹೋಗುತ್ತೆ" ಅನ್ನುವವರ ಮಾತು ನಂಬಬೇಡಿ. ಬೂಷ್ಟಿನ ವಿಷ ಬಿಸಿಲಿಗೆ ಪೂರ್ತಿ ಹೋಗುವುದಿಲ್ಲ. ಗಬ್ಬದ ಹಸುವಿಗಂತೂ ಆ ಹುಲ್ಲನ್ನು ಹಾಕಲೇಬಾರದು.