ಹಳೆಯ ಸಿಟ್‌ಕಾಂಗಳಲ್ಲಿ ಕೇಳಿಸುವ ಆ ನಗು ಯಾರದ್ದು?

ಪ್ರಶ್ನೆ: ‘ಐ ಲವ್ ಲೂಸಿ’, ‘ದಿ ಆಂಡಿ ಗ್ರಿಫಿತ್ ಶೋ’ ಥರದ ಹಳೆಯ ಕಪ್ಪು-ಬಿಳುಪು ಹಾಸ್ಯ ಧಾರಾವಾಹಿಗಳನ್ನು ನೋಡಲು ಶುರು ಮಾಡಿದ್ದೇನೆ. ಕತೆ, ನಟನೆ ಎಲ್ಲ ಇಷ್ಟವಾಗುತ್ತದೆ. ಆದರೆ ಹಿನ್ನೆಲೆಯಲ್ಲಿ ಬರುವ ನಕಲಿ ನಗು ಸಹಿಸಲಾಗುತ್ತಿಲ್ಲ. ನಗು ತೆಗೆದುಹಾಕಿದ ಪ್ರತಿ ಎಲ್ಲಾದರೂ ಸಿಗುತ್ತದೆಯೇ?

ಉತ್ತರ: ‘ಲೂಸಿ’ಯಲ್ಲಿ ತೆಗೆದುಹಾಕಲು ನಕಲಿ ನಗುವೇ ಇಲ್ಲ. ಅಲ್ಲಿ ನಕ್ಕಿದ್ದು ಆ ದೃಶ್ಯ ನಡೆಯುವಾಗ ನಟರ ಎದುರಿಗೇ ಕೂತಿದ್ದ ಜನ. ‘ಆಂಡಿ ಗ್ರಿಫಿತ್’ ವಿಷಯ ಬೇರೆ, ಅಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಎರಡನ್ನೂ ಒಂದೇ ಸಾಲಿಗೆ ಸೇರಿಸಿಬಿಟ್ಟಿದ್ದೀರಿ, ತೊಡಕು ಇರುವುದು ಅಲ್ಲೇ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಎರಡು ಸಾಲಿನಲ್ಲಿ ಉತ್ತರ ಬರೆದು ಸುಸ್ತಾಗಿದೆ. ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

‘ಹಳೆಯ ಸಿಟ್‌ಕಾಂ ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ನಗು’ ಎನ್ನುವ ಮಾತು ಎಷ್ಟು ಬೇರೂರಿದೆ ಎಂದರೆ, ಸಿನಿಮಾ ಬಗ್ಗೆ ಚೆನ್ನಾಗಿ ಓದಿಕೊಂಡವರೂ ಅದನ್ನೇ ಹೇಳುತ್ತಾರೆ. ‘ಅಲ್ಲಿ ನಗುತ್ತಿರುವವರೆಲ್ಲ ಯಾವತ್ತೋ ಸತ್ತುಹೋದವರು’ ಎಂಬ ಒಗ್ಗರಣೆ ಬೇರೆ. ನಗು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಮೊದಲು ಆ ಧಾರಾವಾಹಿಯನ್ನು ಚಿತ್ರೀಕರಿಸಿದ್ದು ಹೇಗೆ ಎಂದು ಕೇಳಬೇಕು.

‘ಲೂಸಿ’ಯಿಂದಲೇ ಶುರು ಮಾಡೋಣ. 1951ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಗಳು ಬಹುಪಾಲು ನ್ಯೂಯಾರ್ಕ್‌ನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಕಳಿಸಲು ಟಿವಿ ಪರದೆಯ ಮೇಲೆ ಮೂಡಿದ ಚಿತ್ರವನ್ನೇ ಫಿಲ್ಮ್ ಕ್ಯಾಮೆರಾದಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಇದಕ್ಕೆ ಕಿನೆಸ್ಕೋಪ್ ಎಂದು ಹೆಸರು. ಚಿತ್ರ ಮಸುಕಾಗಿ, ಅಂಚುಗಳು ಕಲಸಿಕೊಂಡು ಬರುತ್ತಿದ್ದವು. ಲೂಸಿಯ ಪಾತ್ರ ಮಾಡಿದ ಲೂಸಿಲ್ ಬಾಲ್ ಮತ್ತು ಅವರ ಪತಿ ದೇಸಿ ಅರ್ನಾಜ್‌ಗೆ ಹಾಲಿವುಡ್ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಪ್ರಾಯೋಜಕರಾದ ಸಿಗರೇಟು ಕಂಪನಿಗೆ, ಜನ ಹೆಚ್ಚಿರುವ ಪೂರ್ವದ ಊರುಗಳಲ್ಲಿ ಮಸುಕು ಚಿತ್ರ ತೋರಿಸುವುದು ಬೇಕಿರಲಿಲ್ಲ. ಹಾಗಾಗಿ 35 ಎಂಎಂ ಫಿಲ್ಮಿನಲ್ಲೇ ಚಿತ್ರೀಕರಿಸುವುದೆಂದು ತೀರ್ಮಾನವಾಯಿತು. ಖರ್ಚು ಹೆಚ್ಚಾದದ್ದಕ್ಕೆ ದಂಪತಿ ತಮ್ಮ ಸಂಭಾವನೆ ಕಡಿಮೆ ಮಾಡಿಕೊಂಡರು, ಬದಲಿಗೆ ಫಿಲ್ಮುಗಳ ಒಡೆತನ ಪಡೆದರು. ಇವತ್ತು ಆ 180 ಕಂತುಗಳು ನಮ್ಮ ಕಣ್ಣಿಗೆ ಇಷ್ಟು ಸ್ವಚ್ಛವಾಗಿ ಕಾಣುತ್ತಿದ್ದರೆ ಅದಕ್ಕೆ ಕಾರಣ ಆ ಒಂದು ಒಪ್ಪಂದ.

ಲೂಸಿಲ್ ಬಾಲ್ ಜನರ ಮುಂದೆ ಅಭಿನಯಿಸಿದಾಗಲೇ ಅರಳುವ ನಟಿ. ಆದ್ದರಿಂದ ಸ್ಟುಡಿಯೋದೊಳಗೇ ಸುಮಾರು 300 ಜನ ಕೂರುವಂತೆ ಸಾಲು ಸಾಲಾಗಿ ಆಸನ ಹಾಕಿಸಿದರು. ಮೂರು ಫಿಲ್ಮ್ ಕ್ಯಾಮೆರಾಗಳು ಒಟ್ಟಿಗೇ ಓಡುತ್ತಿದ್ದವು, ನಾಟಕದ ಹಾಗೆ ದೃಶ್ಯ ಮೊದಲಿನಿಂದ ಕೊನೆಯವರೆಗೆ ಸಾಗುತ್ತಿತ್ತು. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಜರ್ಮನಿಯ ಮೂಕಿ ಚಿತ್ರಗಳ ಕಾಲದ ದಿಗ್ಗಜ, ಆಸ್ಕರ್ ಪಡೆದವರು. ಒಂದು ಕೋನಕ್ಕೆ ಹೊಂದುವ ಬೆಳಕು ಇನ್ನೊಂದು ಕೋನದಲ್ಲಿ ಮುಖದ ಮೇಲೆ ನೆರಳು ಬೀಳಿಸುತ್ತದೆ, ದೃಶ್ಯದ ನಡುವೆ ದೀಪ ಸರಿಸಲು ಆಗುವುದಿಲ್ಲ. ಅವರು ದೀಪಗಳನ್ನೆಲ್ಲ ಮೇಲಕ್ಕೆ ಏರಿಸಿ ಇಡೀ ಸೆಟ್ಟಿಗೆ ಒಂದೇ ಸಮನಾದ ಬೆಳಕು ಹರಡಿದರು. ಪ್ರೇಕ್ಷಕರ ತಲೆಯ ಮೇಲೆ ಮೈಕುಗಳು ತೂಗುತ್ತಿದ್ದವು. ಲೂಸಿಲ್ ಬಾಲ್ ಅವರ ತಾಯಿ ಆಗಾಗ ಪ್ರೇಕ್ಷಕರ ಸಾಲಿನಲ್ಲಿ ಇರುತ್ತಿದ್ದರು. ಮಗಳು ಪೇಚಿಗೆ ಸಿಲುಕುವ ಮುಂಚೆಯೇ ‘ಅಯ್ಯೋ’ ಎನ್ನುವಂಥ ಅವರ ಉದ್ಗಾರ ಹಲವು ಕಂತುಗಳಲ್ಲಿ ಕೇಳಿಸುತ್ತದೆ. ನಟರ ಮೈಕಿಗೂ ಈ ನಗು ಒಂದಿಷ್ಟು ಬಿದ್ದಿರುತ್ತದೆ. ಹಾಗಾಗಿ ಅದನ್ನು ಕತ್ತರಿಸಿ ಎಸೆಯುತ್ತೇನೆಂದರೆ ಮಾತೂ ಹರಿದುಹೋಗುತ್ತದೆ.

1952ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ಚಾಕೊಲೇಟ್ ಕಾರ್ಖಾನೆಯ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ. ಬೆಲ್ಟಿನ ಮೇಲೆ ಚಾಕೊಲೇಟ್ ಬರುತ್ತಿದೆ, ಲೂಸಿ ಮತ್ತು ಅವಳ ಗೆಳತಿ ಎಥೆಲ್ ಕಾಗದ ಸುತ್ತಬೇಕು. ಬೆಲ್ಟಿನ ವೇಗ ಹೆಚ್ಚುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು ನಗು. ಚಾಕೊಲೇಟ್ ಬಾಯಿಗೆ ಹೋದಾಗ ನಗು ಮೇಲೇರುತ್ತದೆ, ಟೋಪಿಯೊಳಗೆ, ರವಿಕೆಯೊಳಗೆ ಹೋದಾಗ ಇನ್ನೂ ಮೇಲೆ. ಮೇಲ್ವಿಚಾರಕಿ ಬಂದು ನೋಡಿ, ಎಲ್ಲ ಸರಿಯಾಗಿದೆ ಅಂದುಕೊಂಡು, ಬೆಲ್ಟನ್ನು ಇನ್ನಷ್ಟು ಜೋರಾಗಿ ಓಡಿಸಲು ಕೂಗಿ ಹೇಳಿದಾಗ ಇಡೀ ಸ್ಟುಡಿಯೋ ಒಡೆದು ನಗುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ನಗುವನ್ನು ಯಂತ್ರದ ಕೀಲಿ ಒತ್ತಿ ಕಟ್ಟುವುದು ಬಹಳ ಕಷ್ಟ.

ಈಗ ಆ ಯಂತ್ರದ ವಿಷಯ. ಅದು ಕಟ್ಟುಕತೆಯಲ್ಲ, ನಿಜವಾಗಿಯೂ ಇತ್ತು. 1950ರ ‘ದಿ ಹ್ಯಾಂಕ್ ಮಕ್ಯೂನ್ ಶೋ’ದಲ್ಲೇ ಪ್ರೇಕ್ಷಕರಿಲ್ಲದ ದೃಶ್ಯಗಳಿಗೆ ನಗು ಸೇರಿಸಿದ್ದರು. ಅದನ್ನು ಒಂದು ಕಸುಬಾಗಿ ಬೆಳೆಸಿದವರು ಅಮೆರಿಕದ ಟಿವಿ ವಾಹಿನಿ ಸಿಬಿಎಸ್‌ನಲ್ಲಿ ಧ್ವನಿ ಎಂಜಿನಿಯರ್ ಆಗಿದ್ದ ಚಾರ್ಲಿ ಡಗ್ಲಸ್. ಅವರ ಪೆಟ್ಟಿಗೆಯಲ್ಲಿ 32 ಟೇಪ್ ಸುರುಳಿಗಳು, ಒಂದೊಂದರಲ್ಲಿ 10 ಬಗೆಯ ನಗು, ಅಂದರೆ ಒಟ್ಟು 320. ಮೆಲ್ಲಗೆ ಕಿಸಕ್ಕೆನ್ನುವುದು, ಗಂಡಸರ ಗಹಗಹ, ತಡವಾಗಿ ಅರ್ಥವಾದವನ ಒಂಟಿ ನಗು ಎಲ್ಲ ಇತ್ತು. ಕೈಯಲ್ಲಿ ಕೀಲಿ ಒತ್ತಿ ನಗು ಆರಿಸುವುದು, ಕಾಲಿನ ಪೆಡಲ್‌ನಿಂದ ಅದರ ಉದ್ದ ಹಿಡಿತದಲ್ಲಿಡುವುದು. ಶುದ್ಧ ನಗು ಬೇಕೆಂದು ಅವರು ಹಾಸ್ಯನಟ ರೆಡ್ ಸ್ಕೆಲ್ಟನ್‌ನ ಮೂಕಾಭಿನಯದ ದೃಶ್ಯಗಳಿಂದ ಆರಿಸಿಕೊಂಡಿದ್ದರು, ಅಲ್ಲಿ ನಗುವಿನ ಮೇಲೆ ಯಾರ ಮಾತೂ ಬೀಳುವುದಿಲ್ಲವಲ್ಲ. ಪೆಟ್ಟಿಗೆಗೆ ಬೀಗ ಹಾಕಿಕೊಂಡು ಸ್ಟುಡಿಯೋದಿಂದ ಸ್ಟುಡಿಯೋಗೆ ಹೋಗಿ, ತಾವೇ ಕೂತು ನುಡಿಸಿ ಬರುತ್ತಿದ್ದರು. 1992ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯ ಮಂಡಳಿ ಅವರ ತಾಂತ್ರಿಕ ಸಾಧನೆಯನ್ನು ಗೌರವಿಸಿತು. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ.

ಈ ಪೆಟ್ಟಿಗೆ ಬೇಕಾಗಿದ್ದು ಒಂದೇ ಕ್ಯಾಮೆರಾದಲ್ಲಿ, ಸಿನಿಮಾದ ಹಾಗೆ ತುಂಡು ತುಂಡಾಗಿ ತೆಗೆದ ಧಾರಾವಾಹಿಗಳಿಗೆ. ‘ಲೀವ್ ಇಟ್ ಟು ಬೀವರ್’ (1957-63) ಹಾಗೆ, ‘ಆಂಡಿ ಗ್ರಿಫಿತ್’ (1960-68) ಹಾಗೆ. ಬೀದಿ, ಕೆರೆದಂಡೆ, ಪುಟ್ಟ ಹುಡುಗರ ಮುಖದ ಹತ್ತಿರದ ಚಿತ್ರ ಬೇಕೆಂದರೆ ಮುನ್ನೂರು ಜನರನ್ನು ಎದುರಿಗೆ ಕೂರಿಸಿಕೊಳ್ಳಲು ಆಗುವುದಿಲ್ಲ. ನಗು ಇಲ್ಲದಿದ್ದರೆ ಮನೆಯಲ್ಲಿ ಕೂತವರಿಗೆ ಅದು ಹಾಸ್ಯವೆಂದೇ ಗೊತ್ತಾಗುವುದಿಲ್ಲ ಎಂಬ ಅಳುಕು ವಾಹಿನಿಗಳಿಗಿತ್ತು. ಆದರೂ ಒಳ್ಳೆಯ ಕಂತುಗಳಲ್ಲಿ ಎಲ್ಲಿ ಸುಮ್ಮನಿರಬೇಕೆಂದು ತಯಾರಕರಿಗೆ ತಿಳಿದಿತ್ತು. ‘ಆಂಡಿ ಗ್ರಿಫಿತ್’ನ 1963ರ ‘ಓಪಿ ದಿ ಬರ್ಡ್‌ಮ್ಯಾನ್’ ಕಂತಿನಲ್ಲಿ ಹುಡುಗ ಕವಣೆಯಿಂದ ತಾಯಿಹಕ್ಕಿಯನ್ನು ಕೊಂದುಬಿಡುತ್ತಾನೆ. ಅಪ್ಪ ಅವನನ್ನು ಹೊಡೆಯುವುದಿಲ್ಲ. ಕಿಟಕಿ ತೆರೆದು, ತಾಯಿಗಾಗಿ ಕೂಗುತ್ತಿರುವ ಮರಿಗಳ ದನಿ ಕೇಳಿಸಿಕೋ ಎನ್ನುತ್ತಾನೆ. ಅಲ್ಲಿ ಒಂದು ಕೀಲಿಯನ್ನೂ ಒತ್ತಿಲ್ಲ.

ಇವೆರಡರ ನಡುವಿನ ದಾರಿಯೂ ಒಂದಿತ್ತು. ಜಾರ್ಜ್ ಬರ್ನ್ಸ್ ಮತ್ತು ಗ್ರೇಸಿ ಆಲೆನ್ ಜೋಡಿಯ ಧಾರಾವಾಹಿ 1952ರಲ್ಲಿ ನೇರ ಪ್ರಸಾರ ಬಿಟ್ಟು ಫಿಲ್ಮಿಗೆ ಬಂದ ಮೇಲೆ, ಚಿತ್ರೀಕರಿಸಿದ ಕಂತನ್ನು ಜನರಿಗೆ ತೋರಿಸಿ ಅವರ ನಗುವನ್ನು ರೆಕಾರ್ಡ್ ಮಾಡಿ ಸೇರಿಸುತ್ತಿದ್ದರು. ನಗು ಅಸಲಿಯೇ, ಹುಟ್ಟಿದ ಹೊತ್ತು ಮಾತ್ರ ಬೇರೆ.

ಹಾಗಾದರೆ ನೋಡುವಾಗ ಕಂಡುಹಿಡಿಯುವುದು ಹೇಗೆ? ನಟರ ಬಾಯಿ ನೋಡಿ. ಜನ ಎದುರಿಗಿದ್ದರೆ ನಟ ಮುಂದಿನ ಮಾತನ್ನು ತಡೆದು ಹಿಡಿಯುತ್ತಾನೆ, ಹುಬ್ಬೇರಿಸುತ್ತಾನೆ, ಲೋಟ ಸರಿಸುತ್ತಾನೆ, ನಗು ಇಳಿಯತೊಡಗಿದಾಗ ಅದರ ಬಾಲದ ಮೇಲೆ ಮಾತು ಇಡುತ್ತಾನೆ. ಕಂಪನಿ ನಾಟಕ ನೋಡಿದವರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ಪೆಟ್ಟಿಗೆಯ ನಗುವಾದರೆ ನಟ ಕಾಯುವುದಿಲ್ಲ, ನಗುವೇ ಸಿಕ್ಕ ಸಂದಿಯಲ್ಲಿ ತೂರಿಕೊಂಡು ಮಾತು ಶುರುವಾಗುವ ಹೊತ್ತಿಗೆ ಅಡಗುತ್ತದೆ. ಎರಡನೆಯದಾಗಿ ಸೆಟ್ಟಿನ ನಾಲ್ಕನೇ ಗೋಡೆ ಹುಡುಕಿ. ಲೂಸಿಯ ಮನೆಯಲ್ಲಿ ಸೋಫಾದ ಎದುರು ಏನಿದೆ ಎಂದು ನಮಗೆ ಕಾಣಿಸುವುದೇ ಅಪರೂಪ, ಏಕೆಂದರೆ ಅಲ್ಲಿ ಪ್ರೇಕ್ಷಕರಿದ್ದರು. ಬೀವರ್‌ನ ಮನೆಯಲ್ಲಿ ಕ್ಯಾಮೆರಾ ಎಲ್ಲ ಕಡೆಗೂ ತಿರುಗುತ್ತದೆ. ಮತ್ತೊಂದು, ನಾಲ್ಕೈದು ಕಂತು ನೋಡಿದ ಮೇಲೆ ಅದೇ ಹೆಂಗಸಿನ ಅದೇ ಕೀರಲು ನಗು ಮತ್ತೆ ಬಂತೆಂದರೆ ಅನುಮಾನವೇ ಬೇಡ.

‘ದಿ ಹನಿಮೂನರ್ಸ್’ನ 1955-56ರ 39 ಕಂತುಗಳು, ‘ದಿ ಡಿಕ್ ವ್ಯಾನ್ ಡೈಕ್ ಶೋ’ (1961-66) ಎರಡೂ ಜನರೆದುರು ಆಡಿದಂಥವು. ಕಿನೆಸ್ಕೋಪ್‌ನಲ್ಲಿ ಮಾತ್ರ ಉಳಿದಿರುವ ವಾಲಿ ಕಾಕ್ಸ್‌ನ ‘ಮಿಸ್ಟರ್ ಪೀಪರ್ಸ್’ ಕೂಡ ನೇರ ಪ್ರಸಾರವೇ. ಕಣ್ಣಿಗೆ ಮಸುಕು ಕಂಡರೂ ಕಿವಿಗೆ ಕೇಳುವ ನಗು ಅಸಲಿ.

ನೀವು ಕೇಳದ ಇನ್ನೊಂದು ವಿಷಯ ಹೇಳಲೇಬೇಕು: ನೀವು ನೋಡುತ್ತಿರುವ ಪ್ರತಿ ಯಾವುದು? ಅಸಲಿ ನಗುವೂ ನಕಲಿಯಂತೆ ಕೇಳಿಸಲು ಎಷ್ಟೋ ಸಲ ಕಾರಣ ಅದೇ. ಆಗ ಅರ್ಧ ಗಂಟೆಯ ಕಂತು ಎಂದರೆ ಜಾಹೀರಾತು ಬಿಟ್ಟು ಸುಮಾರು 25-26 ನಿಮಿಷ. ಮರುಪ್ರಸಾರದಲ್ಲಿ ಜಾಹೀರಾತಿಗೆ ಹೆಚ್ಚು ಜಾಗ ಬೇಕಾಗಿ ಅದನ್ನು 22 ನಿಮಿಷದ ಆಸುಪಾಸಿಗೆ ಇಳಿಸಿದರು. ಕತ್ತರಿ ಬೀಳುವುದು ನಗುವಿನ ಬಾಲಕ್ಕೆ, ನಟ ಕಾಯುವ ಆ ಒಂದು ಕ್ಷಣಕ್ಕೆ. ಏರಿದ ನಗು ಇಳಿಯುವ ಮೊದಲೇ ಫಕ್ಕನೆ ನಿಂತರೆ ಯಾರಿಗಾದರೂ ಅದು ಟೇಪಿನದ್ದೆಂದೇ ಅನಿಸುತ್ತದೆ.

ಭಾರತದಲ್ಲಿ ನೋಡುವವರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ, ಯೂರೋಪಿನಲ್ಲಿ ಇದ್ದ ಪಾಲ್ ಎಂಬ ಟಿವಿ ಪ್ರಸಾರ ಪದ್ಧತಿಗಾಗಿ ಮಾಡಿದ ಪ್ರತಿಗಳಲ್ಲಿ ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು 25ರಂತೆ ಓಡಿಸುತ್ತಿದ್ದರು. 26 ನಿಮಿಷ 25 ಆಗುತ್ತದೆ, ದನಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಡಿಮೆಯಷ್ಟು ಮೇಲೇರುತ್ತದೆ, ನಗು ತೆಳ್ಳಗಾಗಿ ಕಿಚಕಿಚ ಎನ್ನುತ್ತದೆ. ಒಂದು ನಿಮಿಷ ಕಡಿಮೆ ಕಂಡರೆ ವೇಗದ ಕಾರಣವಿರಬಹುದು, ಮೂರು-ನಾಲ್ಕು ನಿಮಿಷ ಕಡಿಮೆಯಿದ್ದರೆ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ.

ಆಂಡಿ ಗ್ರಿಫಿತ್‌ನ ಮೂರನೇ ಸೀಸನ್‌ನ ಕೆಲವು ಕಂತುಗಳ ಹಕ್ಕು ನವೀಕರಣವಾಗದೆ, ಅವು ಅಗ್ಗದ ಡಿವಿಡಿಗಳಲ್ಲೂ ಅಂತರ್ಜಾಲದಲ್ಲೂ ಹರಿದಾಡುತ್ತಿವೆ. ಆರಂಭದ ಶಿಳ್ಳೆಯ ರಾಗದ ಬದಲು ಬೇರೇನೋ ಸಂಗೀತ ಕೇಳಿಸಿದರೆ ಅದು ಅಂಥದ್ದೊಂದು ಪ್ರತಿ, ಸವೆದ 16 ಎಂಎಂ ಫಿಲ್ಮಿನಿಂದ ತೆಗೆದದ್ದೂ ಇರಬಹುದು. ಹಕ್ಕುದಾರರೇ ಹೊರತಂದ ಡಿವಿಡಿ ಅಥವಾ ಬ್ಲೂ-ರೇ ಸಿಕ್ಕರೆ ಅದನ್ನೇ ನೋಡಿ. ಟಿವಿಯಲ್ಲಿ ಚಿತ್ರದ ಆಕಾರವನ್ನು 4:3ಕ್ಕೆ ಇಡಿ, ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಬರಲಿ. ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಅದು ಫಿಲ್ಮನ್ನು ವಿಡಿಯೋದಂತೆ ಜಾರಿಸುತ್ತದೆ. ಧ್ವನಿಯಲ್ಲಿ ಸರೌಂಡ್ ಎಫೆಕ್ಟ್ ಇದ್ದರೆ ಅದನ್ನೂ ತೆಗೆಯಿರಿ. ಮೂಲ ಮೋನೋ ಧ್ವನಿಯನ್ನು ಹಿಂದಿನ ಸ್ಪೀಕರುಗಳಿಗೆ ಹರಡಿದಾಗ ನಗು ಕೋಣೆಯ ಹಿಂಬದಿಯಿಂದ ತೇಲಿಬಂದಂತಾಗಿ ದೃಶ್ಯದಿಂದ ಬೇರೆಯಾಗಿಬಿಡುತ್ತದೆ.