ಕದಲಿದ್ದು ವಸ್ತುವೋ, ಕದಲಿಸಿದ್ದು ಕಿರಣವೋ?

ಲೇಸರ್ ಪಾಯಿಂಟರಿನ ಬೆಳಕು ಸುಣ್ಣದ ಗೋಡೆಯ ಮೇಲೆ ಬಿದ್ದಾಗ ಅದರೊಳಗೆ ರವೆ ಚೆಲ್ಲಿದಂತೆ ಮಿನುಗುವ ಚುಕ್ಕೆಗಳನ್ನು ಹಲವರು ಗಮನಿಸಿರುತ್ತಾರೆ. ಗೋಡೆಯ ಉಬ್ಬುತಗ್ಗುಗಳಿಂದ ಚದುರಿದ ಅಲೆಗಳು ಕೆಲವೆಡೆ ಕೂಡಿಕೊಂಡು, ಕೆಲವೆಡೆ ಒಂದನ್ನೊಂದು ಅಳಿಸಿ ಮೂಡಿಸುವ ಈ ಚಿತ್ತಾರಕ್ಕೆ ಸ್ಪೆಕಲ್ ಎನ್ನುತ್ತೇವೆ. ಅದೇ ಬೆಳಕನ್ನು ತುಂಬ ನೀರು ಬೆರೆಸಿದ ಹಾಲಿನ ಮೂಲಕ ಹಾಯಿಸಿದರೆ, ಅದರ ಕಣಗಳು ಜಾಗ ಬದಲಿಸಿದಂತೆಲ್ಲ ಚುಕ್ಕೆಗಳೂ ಚಡಪಡಿಸುತ್ತವೆ.

ಇದನ್ನೇ ಕ್ಷ-ಕಿರಣದಲ್ಲಿ ಮಾಡುವುದು ನನ್ನ ವೃತ್ತಿ. ಅದರ ತರಂಗಾಂತರ ಸುಮಾರು 0.1 ನ್ಯಾನೊಮೀಟರ್ ಆದ್ದರಿಂದ ಪರಮಾಣುಗಳ ಸರಿದಾಟವೂ ಅಳತೆಗೆ ಸಿಗುತ್ತದೆ. ಆದರೆ ಅಲೆಗಳು ಹೆಜ್ಜೆ ತಪ್ಪದೆ ಸಾಗುವ ಕಿರಣ ಇದಕ್ಕೆ ಬೇಕು. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗಕ್ಕೆ ಹತ್ತಿರವಾಗಿ ಉಂಗುರದಲ್ಲಿ ಸುತ್ತಿಸಿ ಕ್ಷ-ಕಿರಣ ಪಡೆಯುವ ಯಂತ್ರವಾದ ಸಿಂಕ್ರೊಟ್ರಾನ್ ಹೊಮ್ಮಿಸುವ ಕಿರಣದಲ್ಲಿ ಅಂಥದ್ದು ಅಲ್ಪ ಪಾಲು. ತಾಮ್ರ-ಚಿನ್ನದ ಹರಳಿನಿಂದ ಕ್ಷ-ಕಿರಣದ ಸ್ಪೆಕಲ್ ಕಂಡ ವರದಿ ಬಂದದ್ದು 1991ರಲ್ಲಿ. ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ನವೀಕರಣಗೊಂಡು 2020ರಲ್ಲಿ ಮತ್ತೆ ತೆರೆದ ಮೇಲೆ ಆ ಪಾಲು ಬಹಳ ಹೆಚ್ಚಿದೆ.

ಹೆಚ್ಚಿದ್ದು ಲಾಭವೂ ಹೌದು, ತಲೆನೋವೂ ಹೌದು. ಡಿಟೆಕ್ಟರ್ ಸಾವಿರಾರು ಚಿತ್ರಗಳನ್ನು ತೆಗೆಯುತ್ತದೆ. ಪ್ರತಿಯೊಂದನ್ನೂ ಅನಂತರದವುಗಳೊಂದಿಗೆ ಹೋಲಿಸಿ, ಎಷ್ಟು ಹೊತ್ತಿಗೆ ಹೋಲಿಕೆ ಅಳಿಯಿತೆಂದು ಲೆಕ್ಕ ಹಾಕುತ್ತೇವೆ. ಒಮ್ಮೆ ಗಾಜಿನ ನಳಿಗೆಯಲ್ಲಿ ತುಂಬಿದ ಜೆಲ್ ಒಂದರಿಂದ ನಮಗೆ ಹೋಲಿಕೆ ಇಳಿಯುವುದನ್ನು ತೋರುವ ಬಲು ಸೊಗಸಾದ ರೇಖೆ ದೊರೆಯಿತು. ಕಿರಣದ ದಾರಿಗೆ ಅದರ ತೀವ್ರತೆ ತಗ್ಗಿಸುವ ತೆಳು ಫಿಲ್ಟರ್ ಅಡ್ಡವಿಟ್ಟು, ನಳಿಗೆಯ ತಾಜಾ ಜಾಗದಲ್ಲಿ ಮತ್ತೆ ಅಳೆದಾಗ ಹೋಲಿಕೆ ಅಳಿಯಲು ಹಿಡಿಯುವ ಕಾಲ ಹಲವು ಪಟ್ಟು ಹಿಗ್ಗಿತು. ಅಂದರೆ ಇಡೀ ರಾತ್ರಿ ನಾವು ಅಳೆದದ್ದು ಜೆಲ್ಲಿನ ಸ್ವಭಾವವನ್ನಲ್ಲ, ನಮ್ಮದೇ ಕಿರಣದ ಹೊಡೆತವನ್ನು.

ಗಟ್ಟಿ ಗಾಜಿಗೂ ಈ ಹೊಡೆತ ತಪ್ಪಿದ್ದಲ್ಲ. ಸಿಲಿಕಾ ಗಾಜು ಕೋಣೆಯ ಉಷ್ಣತೆಯಲ್ಲಿ ಹೆಪ್ಪುಗಟ್ಟಿದಂತಿರಬೇಕು. ಆದರೂ ಕ್ಷ-ಕಿರಣದಡಿ ಅದರ ಪರಮಾಣುಗಳು ನಿಮಿಷಗಳ ಲೆಕ್ಕದಲ್ಲಿ ಸರಿಯುವುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಿರಣದ ತೀವ್ರತೆ ಇಳಿಸಿದಷ್ಟೂ ಆ ಕಾಲ ಹೆಚ್ಚುತ್ತಿತ್ತು. ಕಿರಣ ತಗುಲಿದ ಎಲೆಕ್ಟ್ರಾನುಗಳ ಮೂಲಕ ಬಂಧಗಳು ಕಡಿದು ಮತ್ತೆ ಕೂಡುವುದೇ ಇದಕ್ಕೆ ಕಾರಣವೆಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಏಕೆಂದರೆ ಲೋಹದ ಗಾಜಿನಲ್ಲಿ, ಅಂದರೆ ಹರಳಾಗದಂತೆ ದಿಢೀರನೆ ತಣಿಸಿದ ಮಿಶ್ರಲೋಹದಲ್ಲಿ, ತೀವ್ರತೆ ಎಷ್ಟಿದ್ದರೂ ಕಾಲ ಬದಲಾಗುವುದಿಲ್ಲ. ಅಲ್ಲಿ ಕಾಣುವ ಸರಿದಾಟ ವಸ್ತುವಿನದ್ದೇ: ಗಾಜು ಮಾಗಿದಂತೆಲ್ಲ ಅದು ನಿಧಾನಗೊಳ್ಳುತ್ತದೆ.